ಯೇಸುವಿನ ಸಮಾಧಿ ನಿಜವಾಗಿ ಯಾವುದು? ಜೆರುಸಲೇಮಿಗೆ ಹೋಗಿ ಬಂದವರು ಹೇಳಿ

ಮೊದಲ ಸಲ ಹೊರಟವ: ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಅಪ್ಪನಿಗೆ ಮಂಡಿನೋವು. ಒಂದೇ ಬೆಳಿಗ್ಗೆ ಬಿಡುವಿದೆ. ಯೇಸುವಿನ ಸಮಾಧಿ ಅನ್ನುವ ಜಾಗ ಎರಡಿವೆಯಂತೆ: ಕೋಟೆ ಒಳಗಿನ ಹೋಲಿ ಸೆಪಲ್ಕರ್ ಚರ್ಚಿಗೆ ಹೋಗಲಾ, ಕೋಟೆ ಹೊರಗೆ ತೋಟದಲ್ಲಿರುವ ಗಾರ್ಡನ್ ಟೂಂಬಿಗಾ? ಇದೇ ಜಾಗ ಅನ್ನಲು ಆಧಾರ ಯಾವುದಕ್ಕಿದೆ?

ಶಿರ್ವದವಳು: ತಲೆಗೆ 1,65,000 ಕೊಟ್ಟು ಹೋದೆವು. ಸೆಪಲ್ಕರ್‌ನಲ್ಲಿ 2 ಗಂಟೆ 10 ನಿಮಿಷ ಸಾಲು. ಒಳಗೆ ಮಂಡಿಯೂರಿ 20 ಸೆಕೆಂಡ್ ಆಗಿಲ್ಲ, ಸನ್ಯಾಸಿ ಬಾಗಿಲು ಬಡಿದ. ಅತ್ತೆ ಕಲ್ಲಿಗೆ ಮುತ್ತಿಟ್ಟು ಅತ್ತರು. ಹೊರಗೆ ಬಂದ ಮೇಲೆ ಮೈದುನ, "ಅಮ್ಮ ಮುತ್ತಿಟ್ಟದ್ದು ಮಾರ್ಬಲ್‌ಗೆ ಅತ್ತಿಗೆ" ಅಂದ. ಇವತ್ತಿಗೂ ಅವನ ಮೇಲೆ ಸಿಟ್ಟಿದೆ. ಆ ಮಾರ್ಬಲ್ 2016ರಲ್ಲಿ ಎತ್ತಿದಾಗ ಕೆಳಗೆ ಶಿಲುಬೆ ಕೆತ್ತಿದ ಒಡೆದ ಚಪ್ಪಡಿ, ಅದರಡಿ ಸುಣ್ಣದ ಬಂಡೆ ಸಿಕ್ಕಿತು. ನಡುವಿನ ಗಾರೆ ಸುಮಾರು 345ರದು. 1009ರಲ್ಲಿ ಕಲೀಫ ಅಲ್ ಹಾಕಿಮ್ ಚರ್ಚು ಕೆಡವಿಸಿದರೂ ಬಂಡೆ ಉಳಿದಿದೆ, ಅಲ್ವಾ?

ಹುಬ್ಬಳ್ಳಿಯವ: ಅಕ್ಕಾ, 345 ಅಂದರೆ ಯೇಸು ತೀರಿಕೊಂಡು 300 ವರ್ಷ ಆದ ಮೇಲೆ. ರೋಮನ್ ಸಾಮ್ರಾಟ ಕಾನ್‌ಸ್ಟಂಟೈನನ ಕಾಲದವರು ಇದೇ ಜಾಗ ಅಂತ ನಂಬಿದ್ದರು ಅನ್ನೋದಕ್ಕಷ್ಟೇ ಅದು ಸಾಕ್ಷಿ. ನಾವು ಗಾರ್ಡನ್ ಟೂಂಬಿಗೆ ಹೋದೆವು. ಟಿಕೆಟ್ ಇಲ್ಲ, ನೂಕಾಟ ಇಲ್ಲ, ಪಕ್ಕದ ಬಂಡೆ ಥೇಟ್ ತಲೆಬುರುಡೆ. ಶಿಲುಬೆಗೇರಿಸಿದ ಗೊಲ್ಗೊಥಾ ಅಂದರೆ ತಲೆಬುರುಡೆಯ ಜಾಗ ಅಂತಲೇ ಅರ್ಥ. ಬೈಬಲ್ ಊರ ಹೊರಗೆ ಅನ್ನುತ್ತದೆ. ನಿಮ್ಮ ಚರ್ಚು ಕೋಟೆ ಒಳಗಿದೆ!

ನಿವೃತ್ತ ಮೇಷ್ಟ್ರು: ಈಗಿನ ಕೋಟೆಗೋಡೆ ಒಟ್ಟೋಮನ್ ಸುಲ್ತಾನ ಸುಲೇಮಾನ್ ಕಟ್ಟಿಸಿದ್ದು, 16ನೇ ಶತಮಾನದ್ದು. ಯೇಸುವಿನ ಕಾಲದಲ್ಲಿ ಆ ಜಾಗ ಊರ ಹೊರಗೇ ಇತ್ತು. ಅದನ್ನು ಒಳಗೆ ಸೇರಿಸಿದ್ದು ಆಮೇಲೆ, ರಾಜ ಹೆರೋದ ಅಗ್ರಿಪ್ಪನ ಗೋಡೆ. 1960ರ ದಶಕದಲ್ಲಿ ಪುರಾತತ್ವಜ್ಞೆ ಕ್ಯಾತ್ಲೀನ್ ಕೆನ್ಯನ್ ಪಕ್ಕದಲ್ಲೇ ಅಗೆದಾಗ ಹಳೆಯ ಕಲ್ಲುಕ್ವಾರಿ ಸಿಕ್ಕಿತು, ಅಂದರೆ ಅದು ಊರ ಹೊರಗಿನ ಜಾಗ. ಯೆಹೂದ್ಯರು ಊರೊಳಗೆ ಹೂಳುತ್ತಿರಲಿಲ್ಲ. ಸಮಾಧಿಯ ಹಿಂದೆ ಸಿರಿಯನ್ನರ ಪ್ರಾರ್ಥನಾ ಕೋಣೆ ಇದೆ, ಗೋಡೆಯೆಲ್ಲ ಮಸಿ. ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದೆ, ಬಂಡೆಯಲ್ಲಿ ಹೆಣ ತಳ್ಳಿಡುವಷ್ಟು ಅಗಲದ ಗೂಡುಗಳು, ಆ ಕಾಲದವೇ. ಏಳುವಾಗ ಹಣೆ ಬಡಿದು ಮೂರು ದಿನ ಬಾವು. ಗಾರ್ಡನ್ ಟೂಂಬ್ ಕ್ರಿಸ್ತಪೂರ್ವ 8-7ನೇ ಶತಮಾನದ್ದು ಅಂತ ಪುರಾತತ್ವಜ್ಞ ಗೇಬ್ರಿಯಲ್ ಬಾರ್ಕೈ ತೋರಿಸಿದ್ದಾರೆ. ಬೈಬಲಿನಲ್ಲಿರುವುದು ಹೊಸ ಸಮಾಧಿ.

ಹುಬ್ಬಳ್ಳಿಯವ: ಸರ್, ಪಾಠ ಸಾಕು. ಗೂಡುಗಳಿದ್ದರೆ ಅದು ಸ್ಮಶಾನ ಅಂತಾಯಿತು. ಯೇಸುವಿನದು ಯಾವ ಗೂಡು ಅಂತ ಬರೆದಿದೆಯಾ?

ನಿವೃತ್ತ ಮೇಷ್ಟ್ರು: ಬರೆದಿಲ್ಲ. ಆದರೆ ಅದಕ್ಕೂ ಮೊದಲಿನ ರೋಮನ್ ಸಾಮ್ರಾಟ ಹೇಡ್ರಿಯನ್ ಅದರ ಮೇಲೆ ದೇಗುಲ ಕಟ್ಟಿಸಿದ್ದ. ಕಾನ್‌ಸ್ಟಂಟೈನ್ ಅದನ್ನು ಕೆಡವಿಸಿ ಅಗೆಸಿದ. ಪಕ್ಕದಲ್ಲಿ ಖಾಲಿ ಜಾಗ ಇದ್ದರೂ ಅಷ್ಟು ಕಷ್ಟ ಯಾಕೆ ಪಟ್ಟ? ಸ್ಥಳೀಯರಿಗೆ ನೆನಪಿತ್ತು. ನಿಮ್ಮ ತೋಟ ಹೆಸರಾದದ್ದೇ 1883ರಲ್ಲಿ ಬ್ರಿಟಿಷ್ ಜನರಲ್ ಗೋರ್ಡನ್ ಸಾಹೇಬ ಬಂದ ಮೇಲೆ.

ಶಿರ್ವದವಳು: ಸರಿಯಾಗಿ ಹೇಳಿದಿರಿ ಸರ್!

ಹುಬ್ಬಳ್ಳಿಯವ: ನೀವು ಕ್ಯಾಥೊಲಿಕರೆಲ್ಲ ಒಂದೇ. ಅಂದಹಾಗೆ ಅಕ್ಕಾ, 1,65,000? ನಮಗೆ 1,38,000, ಟಿಪ್ಸ್ ಸೇರಿ.

ಶಿರ್ವದವಳು: ಟಿಪ್ಸ್ ಸೇರಿ ಅಂದರೆ ಸುಳ್ಳು. ನಮ್ಮಿಂದ ದಿನಕ್ಕೆ ತಲೆಗೆ 8 ಡಾಲರ್ ಬೇರೆ ಕಿತ್ತರು. ಜೋರ್ಡಾನ್ ನದಿಯ ನೀರಿನ ಮೂರು ಬಾಟಲಿಯಲ್ಲಿ ಎರಡು ಸೂಟ್‌ಕೇಸಲ್ಲೇ ಸೋರಿ, ಅತ್ತೆಯ ರೇಷ್ಮೆ ಸೀರೆ ಹಾಳು.

ಮೊದಲ ಸಲ ಹೊರಟವ: ಆ ಸಾಲಿನಲ್ಲಿ ಕುಳಿತುಕೊಳ್ಳಲು ಬೆಂಚು ಇದೆಯಾ?

ಹುಬ್ಬಳ್ಳಿಯವ: ರೇಷ್ಮೆ ಸೀರೆ ಸೂಟ್‌ಕೇಸಲ್ಲಿ ಇಟ್ಟಿದ್ದು ಯಾರ ತಪ್ಪು ಅಕ್ಕಾ?