ಆಖೆನ್‌ನ ರೂಮಿಗೆ ಪರಿಚಯ ಬರೆಯುವಾಗ

ಪುಟ್ಟಿ, ನೀನು ಗ್ರೂಪಿಗೆ ಹಾಕಿದ ಪರಿಚಯ ಓದಿದೆ. ಜರ್ಮನಿಯ ಆಖೆನ್‌ಗೆ ಎಂ.ಎಸ್. ಓದೋಕೆ ಹೋಗೋ ಮುಂಚೆ ವೇ-ಗೇ ಮನೆಗಳಿಗೆ, ಅಂದ್ರೆ ಮೂರ್ನಾಲ್ಕು ಜನ ಅಡುಗೆಮನೆ ಬಚ್ಚಲು ಹಂಚಿಕೊಂಡಿರೋ ಮನೆಗಳಿಗೆ, ಇದನ್ನ ಕಳಿಸಬಹುದಾ ಅಂತ ಕೇಳಿದ್ದೀಯ. ಟೈಪ್ ಮಾಡಿದ್ರೆ ಉದ್ದ ಆಗುತ್ತೆ, ಅದಕ್ಕೆ ಮಾತಲ್ಲೇ ಹೇಳ್ತೀನಿ.

ಹತ್ತನೇ ಕ್ಲಾಸಿನ ಪರ್ಸೆಂಟೇಜು, ಬಿ.ಇ. ಸಿಜಿಪಿಎ, ಅಪ್ಪ ಅಮ್ಮನ ಉದ್ಯೋಗ, ಇದೆಲ್ಲ ತೆಗೆದುಬಿಡು. ಇದನ್ನ ಓದೋರು ನಿನ್ನ ವಯಸ್ಸಿನವರೇ. ಈ ಹುಡುಗಿ ಜೊತೆ ಒಂದೇ ಸಿಂಕು, ಒಂದೇ ಫ್ರಿಜ್ಜು ಬಳಸ್ಕೊಂಡು ಇರೋಕಾಗುತ್ತಾ ಅನ್ನೋದಷ್ಟೇ ಅವರ ಪ್ರಶ್ನೆ.

ಮೊದಲ ಎರಡು ಸಾಲಲ್ಲೇ ಹೆಸರು, ವಯಸ್ಸು, ಕೋರ್ಸು, ಯಾವತ್ತಿಂದ ಎಷ್ಟು ದಿನಕ್ಕೆ ರೂಮು ಬೇಕು ಅನ್ನೋದು ಬರಲಿ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು, ಹಾಗಾಗಿ ‘ಅಕ್ಟೋಬರ್ 1ರಿಂದ ಎರಡು ವರ್ಷ’ ಅಂತ ನೇರವಾಗಿ ಬರಿ. ಜಾಹೀರಾತಲ್ಲಿ ‘ತ್ಸ್ವಿಶೆನ್‌ಮೀಟೆ’ ಅಂತಿದ್ರೆ ಅದು ಸ್ವಲ್ಪ ತಿಂಗಳಿಗೆ ಮಾತ್ರ, ರೂಮಿನವರು ವಾಪಸ್ ಬರ್ತಾರೆ. ಇನ್ನು ಕೆಲವರು ಜಾಹೀರಾತಿನ ಮಧ್ಯೆ ‘ಉತ್ತರದಲ್ಲಿ ಈ ಪದ ಬರೀರಿ’ ಅಂತ ಹಾಕಿರ್ತಾರೆ. ಒಂದೇ ಮೆಸೇಜನ್ನ ಎಲ್ಲರಿಗೂ ಕಾಪಿ ಮಾಡಿ ಕಳಿಸೋರು ಅಲ್ಲೇ ಸಿಕ್ಕಿಬೀಳ್ತಾರೆ.

ಜಾಹೀರಾತು ಜರ್ಮನ್‌ನಲ್ಲಿದ್ರೆ ನಿನಗೆ ಬರೋ ಎ2, ಅಂದ್ರೆ ಶುರುವಿನ ಮಟ್ಟದಲ್ಲೇ ಎರಡು ಮೂರು ಸಾಲು ಬರಿ, ಉಳಿದಿದ್ದು ಇಂಗ್ಲಿಷಲ್ಲಿ. ಟ್ರಾನ್ಸ್‌ಲೇಟರಿಂದ ಚೆಂದದ ಜರ್ಮನ್ ಬರೆಸಿದ್ರೆ, ವಿಡಿಯೋ ಕಾಲಲ್ಲಿ ಅವರು ಅದೇ ವೇಗದಲ್ಲಿ ಮಾತಾಡ್ತಾರೆ, ನೀನು ತಡವರಿಸ್ತೀಯ. ಆ ಕಾಲಿಗೆ ಟೈಮು ಕೊಟ್ಟಾಗ ಲೆಕ್ಕ ಇಟ್ಟುಕೋ: ಅಲ್ಲಿ ಸಂಜೆ 7 ಅಂದ್ರೆ ನಮಗೆ ರಾತ್ರಿ 10:30, ಅಕ್ಟೋಬರ್ ಕೊನೇ ಭಾನುವಾರದ ಮೇಲೆ 11:30.

ಅಡುಗೆ ವಿಷಯಕ್ಕೆ ಜಾಸ್ತಿ ಜಾಗ ಕೊಡು, ಜಗಳ ಹುಟ್ಟೋದೇ ಅಲ್ಲಿ. ‘ನಾನು ವೆಜಿಟೇರಿಯನ್’ ಅಂತ ಬರೆದು ನಿಲ್ಲಿಸಿದ್ರೆ ತಮಗೂ ಮಾಂಸ ಬೇಡ ಅಂತಾಳೇನೋ ಅಂದ್ಕೋತಾರೆ. ನನ್ನ ಬಾಣಲೆ, ಕುಕ್ಕರ್ ನಾನೇ ತರ್ತೀನಿ, ಫ್ರಿಜ್ಜಲ್ಲಿ ನಿಮ್ಮ ಮಾಂಸ ಇದ್ದರೆ ತೊಂದರೆ ಇಲ್ಲ ಅಂತ ಸೇರಿಸು, ನಿಜವಾಗ್ಲೂ ತೊಂದರೆ ಇಲ್ಲದಿದ್ರೆ ಮಾತ್ರ. ಒಗ್ಗರಣೆ ಹಾಕುವಾಗ ಕಿಟಕಿ ತೆಗೀತೀನಿ ಅಂತಲೂ ಬರಿ. ರಾತ್ರಿ 10ರ ಮೇಲೆ, ಭಾನುವಾರ ಇಡೀ ದಿನ ಸದ್ದು ಮಾಡಬಾರದು ಅನ್ನೋ ನಿಯಮ ಇದೆ, ಮಿಕ್ಸಿ ಆಗ ಬೇಡ. ಕ್ಲೀನಿಂಗ್ ಸರದಿ ಪಟ್ಟಿಗೆ ಒಪ್ಪಿಗೆ ಅನ್ನೋ ಒಂದು ಸಾಲಿಗೆ ತುಂಬ ಬೆಲೆ. ಅಲ್ಲಿ ಬಚ್ಚಲ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗೋ ಕಿಂಡಿ ಇರಲ್ಲ, ಬಕೆಟ್ ನೀರು ಸುರಿದು ತೊಳೆದ್ರೆ ಕೆಳಗಿನ ಮನೆಗೆ ಸೋರುತ್ತೆ. ಒರೆಸೋದು ಮಾತ್ರ.

ನೀನೂ ಕೇಳಬೇಕಾದ್ದಿದೆ. ಹೇಳಿರೋ ಬಾಡಿಗೆ ‘ಕಾಲ್ಟ್’ ಆ, ‘ವಾರ್ಮ್’ ಆ? ಕಾಲ್ಟ್ ಅಂದ್ರೆ ಬರೀ ಜಾಗದ ಬಾಡಿಗೆ, ವಾರ್ಮ್ ಅಂದ್ರೆ ಸಾಮಾನ್ಯವಾಗಿ ಹೀಟಿಂಗ್, ನೀರು ಸೇರಿರುತ್ತೆ, ಕರೆಂಟು ಇಂಟರ್ನೆಟ್ ಬೇರೆ ಇರಬಹುದು. ಎಲ್ಲಕ್ಕಿಂತ ಮುಖ್ಯ, ವಿಳಾಸ ನೋಂದಣಿ ಮಾಡಿಸಬಹುದಾ ಅಂತ ಕೇಳು. ಮನೆಗೆ ಹೋದ ಎರಡು ವಾರದೊಳಗೆ ಮಾಡಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರೋ ಕಾಗದ ಬೇಕು. ಅದಿಲ್ಲದಿದ್ರೆ ರೆಸಿಡೆನ್ಸ್ ಪರ್ಮಿಟ್ ಕೆಲಸ ನಿಂತುಹೋಗುತ್ತೆ. ನೋಂದಣಿ ಆಗಲ್ಲ ಅಂದ್ರೆ ಎಷ್ಟೇ ಅಗ್ಗ ಇದ್ದರೂ ಆ ರೂಮು ಬಿಡು.

ಅಣ್ಣ, ಇದು ನಿಮಗೆ. ಅಲ್ಲಿ ಅಡ್ವಾನ್ಸು ಕಾನೂನು ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆ ಮೀರೋ ಹಾಗಿಲ್ಲ, ಮೂರು ಕಂತಲ್ಲಿ ಕೊಡೋ ಹಕ್ಕೂ ಇದೆ. ಆದ್ರೆ ಬ್ಲಾಕ್ಡ್ ಅಕೌಂಟಲ್ಲಿ, ಅಂದ್ರೆ ವೀಸಾಗೆ ಅಂತ ಮೊದಲೇ ದುಡ್ಡು ಕಟ್ಟಿಡೋ ಖಾತೆಯಲ್ಲಿ, 11,904 ಯೂರೋ ಇಟ್ಟಿದ್ರೂ ಕೈಗೆ ಸಿಗೋದು ತಿಂಗಳಿಗೆ 992. ಕಾಲ್ಟ್ ಬಾಡಿಗೆ 350 ಅಂದ್ರೂ ಅಡ್ವಾನ್ಸು 1,050, ಮೊದಲ ತಿಂಗಳ ಬಾಡಿಗೆ ಬೇರೆ. ಈ ದುಡ್ಡನ್ನ ಪ್ರತ್ಯೇಕ ತೆಗೆದಿಡಿ. ‘ನಾನು ವಿದೇಶದಲ್ಲಿದ್ದೀನಿ, ದುಡ್ಡು ಹಾಕಿ, ಕೀ ಕೊರಿಯರ್ ಮಾಡ್ತೀನಿ’ ಅನ್ನೋರು ಮೋಸಗಾರರೇ. ಪರಿಚಯದ ಜೊತೆ ಪಾಸ್‌ಪೋರ್ಟ್ ಕಾಪಿ ಹೋಗಬಾರದು.

ಪುಟ್ಟಿ, ತಿದ್ದಿ ಹಾಕು. ಜಾಹೀರಾತಿನ ಲಿಂಕೂ ಜೊತೆಗೆ ಕಳಿಸು, ಎರಡನ್ನೂ ಒಟ್ಟಿಗೆ ನೋಡ್ತೀನಿ.