ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದವರು ಸರ್ವರ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಹನ್ನೆರಡು ವರ್ಷಗಳಿಂದ ವಿಂಡೋಸ್ ಸರ್ವರ್‌ಗಳನ್ನಷ್ಟೇ ನೋಡಿಕೊಂಡು ಬಂದಿರುವ ನನಗೆ ಈಗ ಉಬುಂಟು ಮತ್ತು ರಾಕಿ ಲಿನಕ್ಸ್ ಇರುವ ಸುಮಾರು 40 ಸರ್ವರ್‌ಗಳ ಹೊಣೆ ಬಂದಿದೆ. ಒಂದೊಂದರಲ್ಲೂ ಬೇರೆ ಬೇರೆ ಖಾತೆಗಳು, ಬೇರೆ ಬೇರೆ ಪಾಸ್‌ವರ್ಡ್‌ಗಳು ಇವೆ. ವಿಂಡೋಸ್‌ನಲ್ಲಿ ಖಾತೆಗಳನ್ನು ಒಂದೆಡೆ ಇಡುವ ಆಕ್ಟಿವ್ ಡೈರೆಕ್ಟರಿ ಮತ್ತು ಸೆಟ್ಟಿಂಗ್‌ಗಳನ್ನು ಎಲ್ಲ ಯಂತ್ರಗಳಿಗೂ ಜಾರಿಮಾಡುವ ಗ್ರೂಪ್ ಪಾಲಿಸಿಯ ಹಾಗೆ ಎಲ್ಲವನ್ನೂ ಒಂದೆಡೆಯಿಂದ ನಿರ್ವಹಿಸಲು ಎಲ್ಲಿಂದ ಆರಂಭಿಸಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಾನೂ ಇದೇ ದಾರಿಯಲ್ಲಿ ಬಂದವನು. ನನಗೆ ತಡವಾಗಿ ಅರ್ಥವಾದದ್ದನ್ನು ಮೊದಲು ಹೇಳುತ್ತೇನೆ. ವಿಂಡೋಸ್‌ನಲ್ಲಿ ಯಂತ್ರವನ್ನು ಡೊಮೈನ್‌ಗೆ (ಆಕ್ಟಿವ್ ಡೈರೆಕ್ಟರಿ ನಿರ್ವಹಿಸುವ ಗುಂಪಿಗೆ) ಸೇರಿಸಿದರೆ, ಅದರೊಳಗೆ ಯಾರು ಬರಬಹುದು ಎಂಬುದೂ ಅದರ ಸೆಟ್ಟಿಂಗ್‌ಗಳು ಹೇಗಿರಬೇಕು ಎಂಬುದೂ ಒಂದೇ ಮೂಲದಿಂದ ಬರುತ್ತವೆ. ಲಿನಕ್ಸ್‌ನಲ್ಲಿ ಇವು ಬಹುಮಟ್ಟಿಗೆ ಎರಡು ಪ್ರತ್ಯೇಕ ಕೆಲಸಗಳು. ಖಾತೆಗಳನ್ನು ಒಂದೆಡೆ ಇಡಲು ಫ್ರೀಐಪಿಎ ಎಂಬ ವ್ಯವಸ್ಥೆ ಇದೆ, ಅಥವಾ ನಿಮ್ಮಲ್ಲಿ ಈಗಾಗಲೇ ಇರುವ ಆಕ್ಟಿವ್ ಡೈರೆಕ್ಟರಿಗೇ ಎಸ್‌ಎಸ್‌ಎಸ್‌ಡಿ ಎಂಬ ಲಿನಕ್ಸ್ ಸೇವೆಯ ಮೂಲಕ ಲಿನಕ್ಸ್ ಯಂತ್ರಗಳನ್ನು ಜೋಡಿಸಬಹುದು. ಸೆಟ್ಟಿಂಗ್‌ಗಳಿಗೆ ಆನ್ಸಿಬಲ್, ಪಪೆಟ್‌ನಂತಹ ಸಾಧನಗಳಿವೆ. ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಬೇಡಿ.

ಹೊಸಬರಿಗೆ ನಾನು ಆನ್ಸಿಬಲ್ ಅನ್ನೇ ಸೂಚಿಸುತ್ತೇನೆ, ಏಕೆಂದರೆ ನಿರ್ವಹಿಸಬೇಕಾದ ಸರ್ವರ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಒಳಹೋಗುವ ವಿಧಾನ) ಮತ್ತು ಪೈಥಾನ್ ಭಾಷೆ ಇದ್ದರೆ ಸಾಕು, ಬೇರೆ ಏಜೆಂಟ್ (ಅಲ್ಲೇ ಓಡುತ್ತಿರುವ ಸಹಾಯಕ ತಂತ್ರಾಂಶ) ಬೇಕಿಲ್ಲ. ಪಪೆಟ್‌ನ ಏಜೆಂಟ್, ನೀವು ಅವಧಿಯನ್ನು ಬದಲಾಯಿಸದಿದ್ದರೆ, 30 ನಿಮಿಷಕ್ಕೊಮ್ಮೆ ತಾನೇ ಪರಿಶೀಲಿಸಿ ತಿದ್ದುತ್ತದೆ. ಆನ್ಸಿಬಲ್ ನೀವು ಓಡಿಸಿದಾಗ ಮಾತ್ರ ಕೆಲಸ ಮಾಡುತ್ತದೆ. ಕಲಿಯುವ ಹಂತದಲ್ಲಿ ಈ ಎರಡನೆಯ ಗುಣವೇ ಒಳ್ಳೆಯದು.

ಮೊದಲ ಎರಡು ವಾರ ಏನನ್ನೂ ಬದಲಿಸದೆ, ಯಾವ ಸರ್ವರ್‌ನಲ್ಲಿ ಯಾವ ಆವೃತ್ತಿ ಇದೆ, ಯಾವ ಸೇವೆಗಳು ನಡೆಯುತ್ತಿವೆ, ಯಾರಿಗೆ ಸುಡೋ ಅಧಿಕಾರ (ಆಡಳಿತಗಾರರಾಗಿ ಆಜ್ಞೆ ನೀಡುವ ಅನುಮತಿ) ಇದೆ ಎಂಬ ಮಾಹಿತಿಯನ್ನಷ್ಟೇ ಆನ್ಸಿಬಲ್‌ನಿಂದ ಸಂಗ್ರಹಿಸಿ. ತಂತ್ರಾಂಶ ಹಾಕಲು ಉಬುಂಟುವಿನಲ್ಲಿ ಎಪಿಟಿ, ರಾಕಿಯಲ್ಲಿ ಡಿಎನ್‌ಎಫ್. ಅಲ್ಲಿ ಆಡಳಿತಗಾರರ ಗುಂಪಿನ ಹೆಸರು ಸುಡೋ, ಇಲ್ಲಿ ವೀಲ್. ಪ್ರೋಗ್ರಾಂಗಳನ್ನು ನಿರ್ಬಂಧಿಸುವ ಭದ್ರತಾ ವ್ಯವಸ್ಥೆ ಅಲ್ಲಿ ಆಪ್‌ಆರ್ಮರ್, ಇಲ್ಲಿ ಎಸ್‌ಇಲಿನಕ್ಸ್. ಈ ಭೇದಗಳು ಕೈಗೆ ಅಭ್ಯಾಸವಾಗುವ ತನಕ ಎರಡಕ್ಕೂ ಒಂದೇ ಪ್ಲೇಬುಕ್ (ಆನ್ಸಿಬಲ್ ಮಾಡಬೇಕಾದ ಕೆಲಸಗಳ ಪಟ್ಟಿ) ಬರೆಯುವ ಆತುರ ಬೇಡ.

ಆತುರಪಟ್ಟು ನಾನು ಪಾಠ ಕಲಿತಿದ್ದೇನೆ. ಸುಡೋ ಅಧಿಕಾರ ಯಾರಿಗೆ ಎಂದು ಬರೆದಿಡುವ ಸುಡೋಯರ್ಸ್ ಕಡತದಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದನ್ನು ಗಮನಿಸದೆ ಎಲ್ಲ ಸರ್ವರ್‌ಗಳಿಗೂ ಒಮ್ಮೆಲೇ ಕಳುಹಿಸಿದೆ. ಆಗ ನಮ್ಮಲ್ಲಿದ್ದ ಹಳೆಯ ಸುಡೋ ಆವೃತ್ತಿ ಆ ಕಡತವನ್ನು ಓದಲಾಗದೆ ಎಲ್ಲೆಡೆ ಕೆಲಸ ನಿಲ್ಲಿಸಿತು. ರೂಟ್ (ಮುಖ್ಯ ಆಡಳಿತ ಖಾತೆ) ಲಾಗಿನ್ ಮುಚ್ಚಿದ್ದರಿಂದ ಒಂದೊಂದು ಯಂತ್ರದ ಕನ್ಸೋಲ್‌ಗೂ ಹೋಗಿ ಸರಿಪಡಿಸುವಷ್ಟರಲ್ಲಿ ರಾತ್ರಿ ಕಳೆದಿತ್ತು. ಕಡತ ಕಳುಹಿಸುವ ಕೆಲಸಕ್ಕೇ ಸುಡೋಯರ್ಸ್‌ನ ತಪ್ಪು ಹಿಡಿಯುವ ವಿಸುಡೋ ತಪಾಸಣೆಯನ್ನು ಜೋಡಿಸಿದ್ದರೆ ಹೀಗಾಗುತ್ತಿರಲಿಲ್ಲ. ಈಗ ಯಾವ ಬದಲಾವಣೆಯನ್ನೇ ಆಗಲಿ ಮೊದಲು ಆನ್ಸಿಬಲ್‌ನ 'ಚೆಕ್' (ಬದಲಿಸದೆ ಓಡಿಸಿ ನೋಡುವ) ಮತ್ತು 'ಡಿಫ್' (ವ್ಯತ್ಯಾಸ ತೋರಿಸುವ) ಆಯ್ಕೆಗಳೊಂದಿಗೆ ನೋಡಿ, ಬಳಿಕ ಒಂದು ಸರ್ವರ್‌ಗೆ, ಮರುದಿನ ಐದಕ್ಕೆ, ಆಮೇಲೆ ಉಳಿದವಕ್ಕೆ ಕಳುಹಿಸುತ್ತೇನೆ. ಎಸ್‌ಎಸ್‌ಎಚ್ ಸೆಟ್ಟಿಂಗ್ ಬದಲಿಸುವಾಗಲಂತೂ ತೆರೆದಿರುವ ಒಂದು ಸೆಷನ್ ಮುಚ್ಚದೆ, ಇನ್ನೊಂದರಿಂದ ಒಳಹೋಗಿ ನೋಡಿಯೇ ಮುಂದುವರಿಯಿರಿ.

ಉತ್ತರ 2: ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಖಾತೆಗಳನ್ನು ಕೇಂದ್ರೀಕರಿಸುವ ಮೊದಲು ಎಲ್ಲ ಸರ್ವರ್‌ಗಳ ಗಡಿಯಾರಗಳನ್ನು ಕ್ರೋನಿ ಎಂಬ ಸಮಯ ಹೊಂದಿಸುವ ಸೇವೆಯಿಂದ ಸರಿಹೊಂದಿಸಿ. ವಿಂಡೋಸ್‌ನಲ್ಲಿ ನೀವು ಕಂಡಿರುವ ಕರ್ಬರಾಸ್ (ಬಳಕೆದಾರರ ಗುರುತು ಖಚಿತಪಡಿಸುವ ವಿಧಾನ) ಇಲ್ಲಿಯೂ ಇದೆ, ಅದು ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಫ್ರೀಐಪಿಎ ಸರ್ವರ್ ಕನಿಷ್ಠ ಎರಡಿರಲಿ. ಅವೆರಡೂ ನಿಂತಾಗ ಒಳಹೋಗಲು ಪ್ರತಿ ಯಂತ್ರದಲ್ಲೂ ಒಂದು ಸ್ಥಳೀಯ ತುರ್ತು ಖಾತೆ ಇರಲೇಬೇಕು.

ಉತ್ತರ 3: ನಮ್ಮಲ್ಲಿ ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಬಳಕೆದಾರರ ಸಂಖ್ಯೆ, ಅಂದರೆ ಯುಐಡಿ. ಲಿನಕ್ಸ್ ಕಡತದ ಒಡೆಯನನ್ನು ಹೆಸರಿನಿಂದಲ್ಲ, ಈ ಸಂಖ್ಯೆಯಿಂದ ಗುರುತಿಸುತ್ತದೆ. ಒಂದು ಸರ್ವರ್‌ನಲ್ಲಿ 1001 ಎಂದರೆ ಒಬ್ಬರು, ಪಕ್ಕದ ಸರ್ವರ್‌ನಲ್ಲಿ ಇನ್ನೊಬ್ಬರು ಎಂಬ ಸ್ಥಿತಿಯಲ್ಲಿ ಕೇಂದ್ರ ಖಾತೆಗಳಿಗೆ ಬದಲಾದರೆ, ಜನರಿಗೆ ತಮ್ಮ ಕಡತಗಳೇ ತೆರೆಯುವುದಿಲ್ಲ, ಜಾಲದ ಮೂಲಕ ಕಡತಗಳನ್ನು ಹಂಚುವ ಎನ್‌ಎಫ್‌ಎಸ್ ಇದ್ದರೆ ಬೇರೆಯವರ ಕಡತಗಳು ತೆರೆದುಕೊಳ್ಳಲೂಬಹುದು. ಆದ್ದರಿಂದ ಉತ್ತರ 1ರಲ್ಲಿ ಹೇಳಿದ ಆ ಎರಡು ವಾರಗಳಲ್ಲೇ 40 ಸರ್ವರ್‌ಗಳ ಪಾಸ್‌ಡಬ್ಲ್ಯೂಡಿ (ಖಾತೆಗಳ ಪಟ್ಟಿ ಇರುವ) ಕಡತಗಳನ್ನೂ ತಂದು ಒಂದೇ ಪಟ್ಟಿಯಲ್ಲಿಟ್ಟು, ಯಾರ ಸಂಖ್ಯೆ ಎಲ್ಲಿ ಬೇರೆಯಾಗಿದೆ ಎಂದು ಗುರುತು ಹಾಕಿಕೊಳ್ಳಿ. ಯಾವ ಕೇಂದ್ರ ವ್ಯವಸ್ಥೆ ನಿಮಗೆ ಸೂಕ್ತ ಎಂಬ ಚರ್ಚೆಯನ್ನು ಆ ಪಟ್ಟಿ ಕೈಗೆ ಬಂದ ಮೇಲೆ ಮುಂದುವರಿಸೋಣ.