ಪೇಂಟ್ ಆಗಿಯೇ ಬರುವ ಕೋಟೆ ಸೆಟ್ ತರಿಸಬಹುದಾ?

ಹಾಸನದ ಆಟಗಾರ:
1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಟೇಬಲ್ ಮೇಲೆ ಆಡಬೇಕು ಅಂತ ತುಂಬಾ ದಿನದ ಆಸೆ. 28 ಎಂಎಂ ಅಳತೆಯ ಪುಟ್ಟ ಗೊಂಬೆ ಸೈನಿಕರಿಗೆ ಬಣ್ಣ ಹಚ್ಚುವುದರಲ್ಲೇ ಎರಡು ವರ್ಷ ಹೋಯಿತು, ಇನ್ನು ಗೋಡೆ, ಮನೆ, ಮರಕ್ಕೂ ನಾನೇ ಹಚ್ಚುತ್ತಾ ಕೂತರೆ ಆಡುವುದು ಯಾವಾಗ? ಆದರೆ ಸಿಗುವ ರೆಡಿ ಸೆಟ್‌ಗಳೆಲ್ಲಾ ಯೂರೋಪಿನ ಕೋಟೆ ಥರ ಇವೆ.

ಮೂಡಿಗೆರೆ ಮಳೆ:
ತರಿಸಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ ಮಾತ್ರ ಹುಷಾರು. ನನ್ನ ಎರಡು ಆಟದ ಮನೆ ಜುಲೈ ಮಳೆಯಲ್ಲಿ ಉಬ್ಬಿಕೊಂಡು ಬಾಗಿಲೇ ಕೂರಲಿಲ್ಲ. ಬಣ್ಣ ಇರುವುದು ಮೇಲ್ಮೈಗೆ, ಕತ್ತರಿಸಿದ ಅಂಚು ಹಾಗೇ ತೇವ ಹೀರುತ್ತದೆ. ಜೋಡಿಸುವ ಮೊದಲೇ ಅಂಚಿಗೆ ಎರಡು ಸಲ ಮ್ಯಾಟ್ ವಾರ್ನಿಷ್ ಹಚ್ಚಿ. ಅಚ್ಚಿಗೆ ಸುರಿದು ಮಾಡುವ, ಗಟ್ಟಿ ಪ್ಲಾಸ್ಟಿಕ್ ಥರದ ರೆಸಿನ್‌ಗೆ ಈ ಕಾಟ ಇಲ್ಲ, ಆದರೆ ಬಿದ್ದರೆ ಮೂಲೆ ಮುರಿಯುತ್ತದೆ.

ಸಕಲೇಶಪುರ ಘಾಟಿ:
ಯೂರೋಪಿನ ಥರ ಅಂತ ಸುಮ್ನೆ ಬಿಡಬೇಡಿ. ನಮ್ಮ ಮಂಜರಾಬಾದ್ ಕೋಟೆಯನ್ನೇ ನೋಡಿ, ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ, ಅದೇ ಯೂರೋಪಿನ ಮಾದರಿ ಅಲ್ವಾ? ಶ್ರೀರಂಗಪಟ್ಟಣಕ್ಕೆ ಇಡೀ ಕೋಟೆ ಬೇಡ. ಮೇ 4ರಂದು ಇಂಗ್ಲಿಷರು ಕಾವೇರಿ ದಾಟಿ ನುಗ್ಗಿದ್ದು ವಾಯವ್ಯ ಮೂಲೆಯಲ್ಲಿ ಒಡೆದಿದ್ದ ಗೋಡೆಯಿಂದ. ಆ ಮೂಲೆ ಮತ್ತು ನದಿ ಇದ್ದರೆ ಸಾಕು. ನೇರ ಗೋಡೆಯ ನಾಲ್ಕು ತುಂಡು ರೆಡಿಯಾಗಿ ತಗೊಳ್ಳಿ. ಒಡೆದ ಭಾಗ ಮಾತ್ರ ಥರ್ಮಾಕೋಲ್‌ನಲ್ಲಿ ನೀವೇ ಮಾಡಿ, ಫೆವಿಕಾಲ್ ಸವರಿ ಜಲ್ಲಿಪುಡಿ ಉದುರಿಸಿ. ಕಲ್ಲಿನ ರಾಶಿ ನಿಜವಾಗಿ ಕಾಣುತ್ತದೆ.

ಹಾಸನದ ಆಟಗಾರ:
ಒಂದೇ ಮೂಲೆ ಸಾಕು ಅಂತ ಹೊಳೆದೇ ಇರಲಿಲ್ಲ! ರೆಸಿನ್ ಗೋಡೆಯನ್ನೇ ತರಿಸುತ್ತೇನೆ. ನದಿಗೆ ಏನು ಬಳಸುತ್ತೀರಿ?